ಆರ್ಕ್ನಿಯ ಕಲ್ಲುಮನೆಗಳು: ಬಿಡಿ ಟಿಪ್ಪಣಿಗಳು

ಜಾಗ

ಸ್ಕಾಟ್ಲೆಂಡಿನ ಉತ್ತರದ ತುದಿ ಮುಗಿದ ಮೇಲೆ ಪೆಂಟ್‌ಲೆಂಡ್ ಜಲಸಂಧಿ. ಅದರಾಚೆ ಆರ್ಕ್ನಿ ದ್ವೀಪಗಳು. ಸುಮಾರು 70 ದ್ವೀಪಗಳ ಗುಂಪು, ಜನವಸತಿ ಇರುವುದು 20ರ ಆಸುಪಾಸಿನಲ್ಲಿ ಮಾತ್ರ. 59ನೇ ಅಕ್ಷಾಂಶ. ನಡು ಚಳಿಗಾಲದಲ್ಲಿ ಹಗಲು ಆರು ಗಂಟೆ, ಬೇಸಿಗೆಯಲ್ಲಿ ಹದಿನೆಂಟು. ಗಾಳಿ ನಿಲ್ಲುವುದೇ ಇಲ್ಲ.

ಇಂಥ ಕಡೆ 5000 ವರ್ಷಗಳ ಹಿಂದೆ ಜನ ಕಲ್ಲಿನ ಮನೆ ಕಟ್ಟಿಕೊಂಡು, ಬಾರ್ಲಿ ಬೆಳೆದು, ದನ ಕುರಿ ಸಾಕಿ, ಮೀನು ಹಿಡಿದು ಬಾಳಿದರು. ಹರಪ್ಪ, ಮೊಹೆಂಜೊದಾರೊ ದೊಡ್ಡ ನಗರಗಳಾಗಿ ಬೆಳೆಯುವುದಕ್ಕೂ ಹಿಂದಿನ ಮಾತು. ನಗರವಿಲ್ಲ, ಲೋಹವಿಲ್ಲ, ಬರವಣಿಗೆಯಿಲ್ಲ. ಮನೆಗಳು ಮಾತ್ರ ಇವೆ, ಸೂರೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡಿಯಾಗಿ. ಮನೆ ಇಷ್ಟು ಸ್ಪಷ್ಟವಾಗಿ ಕಣ್ಣೆದುರು ಇರುವಾಗ, ಅದರಲ್ಲಿ ಬಾಳಿದವರು ಏಕೆ ಕೈಗೆ ಸಿಗುವುದಿಲ್ಲ? ಈ ಟಿಪ್ಪಣಿಗಳೆಲ್ಲ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ.

ಕಲ್ಲು

ಸುಮಾರು 39 ಕೋಟಿ ವರ್ಷಗಳ ಹಿಂದೆ ಈ ಭಾಗದಲ್ಲಿ ದೊಡ್ಡದೊಂದು ಸರೋವರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಗಟ್ಟಿಯಾಗಿ ಆರ್ಕ್ನಿಯ ಚಪ್ಪಡಿ ಕಲ್ಲಾಯಿತು. ಒಳಗೆ ಅಂದಿನ ಮೀನುಗಳ ಪಳೆಯುಳಿಕೆಗಳೂ ಸಿಗುತ್ತವೆ. ನಮ್ಮ ಶಹಾಬಾದ್ ಕಲ್ಲಿನ ಹಾಗೆ ಇದು ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಡಲ ದಂಡೆಯಲ್ಲಿ ಅಲೆಗಳೇ ಬಿಡಿಸಿ ಹಾಕಿದ ಚಪ್ಪಡಿಗಳು ರಾಶಿ ಬಿದ್ದಿರುತ್ತವೆ. ಕಬ್ಬಿಣದ ಉಳಿ ಬೇಡ. ಬೆಣೆ ಹಾಕಿ ಎಬ್ಬಿಸಿದರೆ ನೇರ ಅಂಚಿನ ಹಲಗೆ ಸಿಕ್ಕಿತು.

ಹೀಗಿರುವಾಗ ಕಲ್ಲಿನಲ್ಲಿ ಕಟ್ಟಿದ್ದು ಸಹಜ, ಅದರಲ್ಲೇನು ಅಚ್ಚರಿ ಎಂದು ಅನ್ನಿಸುತ್ತದೆ. ಅಷ್ಟು ಸಲೀಸಾಗಿ ಮುಂದೆ ಹೋಗಲು ಬಿಡದಿರುವುದು ಮುಂದಿನ ಟಿಪ್ಪಣಿ.

ಮೊದಲು ಮರದಲ್ಲೇ ಕಟ್ಟಿದರು

ವೈರ್ ಎಂಬ ಪುಟ್ಟ ದ್ವೀಪದಲ್ಲಿ ಬ್ರೇಸ್ ಆಫ್ ಹಾಬ್ರೆಕ್ ಎನ್ನುವ ನೆಲೆಯಿದೆ. ಅಲ್ಲಿ ಅಗೆದಾಗ ಕಲ್ಲುಮನೆಗಳಿಗಿಂತ ಹಳೆಯ ಪದರದಲ್ಲಿ ಮರದ ಕಂಬ ನೆಟ್ಟ ಕುಳಿಗಳು ಸಿಕ್ಕವು. ಅಂದರೆ ಮೊದಲ ಒಕ್ಕಲು ಮಕ್ಕಳು ಮರದ ಮನೆಯಲ್ಲಿದ್ದರು, ಅದೇ ಜಾಗದಲ್ಲಿ ಆಮೇಲೆ ಕಲ್ಲಿಗೆ ತಿರುಗಿದರು. ಅಂದು ದ್ವೀಪಗಳಲ್ಲಿ ಬರ್ಚ್, ಹೇಸಲ್ ಮರಗಳಿದ್ದವೆಂದು ಮಣ್ಣಿನಲ್ಲಿ ಉಳಿದ ಪರಾಗಗಳು ಹೇಳುತ್ತವೆ. ಬರಬರುತ್ತ ಅವು ಕಡಿಮೆಯಾದವು.

ಮರ ತೀರಿದ್ದಕ್ಕೆ ಕಲ್ಲು ಹಿಡಿದರೋ? ಅಥವಾ ಅಪ್ಪ ಕಟ್ಟಿದ ಮನೆಯಲ್ಲೇ ಮಗ, ಮೊಮ್ಮಗ ಇರಬೇಕು, ಮನೆ ಕುಲದಷ್ಟೇ ಕಾಲ ನಿಲ್ಲಬೇಕು ಎನ್ನುವ ಹೊಸ ಆಸೆ ಹುಟ್ಟಿತೋ? ಎರಡನೆಯದು ನನ್ನ ಮನಸ್ಸಿಗೆ ಹತ್ತಿರ. ಆದರೆ ಮನಸ್ಸಿಗೆ ಹತ್ತಿರವಾಗುವುದು ಸಾಕ್ಷ್ಯವಾಗುವುದಿಲ್ಲ.

ಪಾಪಾ ವೆಸ್ಟ್ರೇ ದ್ವೀಪದ ನ್ಯಾಪ್ ಆಫ್ ಹೋವರ್‌ನಲ್ಲಿ ಅಕ್ಕಪಕ್ಕ ಎರಡು ಕಲ್ಲುಮನೆಗಳಿವೆ, ನಡುವೆ ಬಗ್ಗಿ ಹೋಗುವಂಥ ದಾರಿ. ಕಾಲ ಸುಮಾರು ಕ್ರಿ.ಪೂ. 3700ರಿಂದ. ವಾಯವ್ಯ ಯುರೋಪಿನಲ್ಲಿ ಇನ್ನೂ ನಿಂತಿರುವ ಕಲ್ಲುಮನೆಗಳಲ್ಲಿ ಇವೇ ಅತಿ ಹಳೆಯವು ಎಂಬ ಮನ್ನಣೆ ಇವಕ್ಕಿದೆ. ಬೀಸುವ ಕಲ್ಲು ಬಳಸಿದ ಜಾಗದಲ್ಲೇ ಉಳಿದಿದೆ.

ಸ್ಕಾರಾ ಬ್ರೇ, ಮನೆಯೊಳಗೆ

ಮೇನ್‌ಲ್ಯಾಂಡ್ ಎಂದೇ ಕರೆಯುವ ದೊಡ್ಡ ದ್ವೀಪದ ಪಶ್ಚಿಮಕ್ಕೆ ಸ್ಕೇಲ್ ಕೊಲ್ಲಿ. ಅದರ ದಂಡೆಯ ಮೇಲೆ ಸ್ಕಾರಾ ಬ್ರೇ: ಎಂಟು ಮನೆಗಳ ಊರು, ಸುಮಾರು ಕ್ರಿ.ಪೂ. 3180ರಿಂದ 2500ರವರೆಗೆ ಜನ ಬಾಳಿದ ಜಾಗ. ನೋಡಲು ಹೋದವರು ಗೋಡೆಗಳ ಮೇಲ್ಮಟ್ಟದ ಕಾಲುದಾರಿಯಲ್ಲಿ ನಡೆಯುತ್ತ ಮನೆಗಳೊಳಕ್ಕೆ ಬಗ್ಗಿ ನೋಡುತ್ತಾರೆ.

ಒಂದು ಮನೆಯನ್ನು ನಿಧಾನವಾಗಿ ನೋಡೋಣ. ಮೂಲೆಗಳು ದುಂಡಗಿರುವ ಚೌಕದ ಕೋಣೆ, ಒಟ್ಟು 40 ಚದರ ಮೀಟರಿನ ಒಳಗೆ. ಬಾಗಿಲು ಗಿಡ್ಡ, ತಲೆ ತಗ್ಗಿಸದೆ ಹೊಗುವಂತಿಲ್ಲ. ಚಪ್ಪಡಿಯೇ ಕದ, ಅದರ ಹಿಂದೆ ಅಡ್ಡ ಅಗುಳಿ ಹಾಕಲು ಎರಡೂ ಕಡೆ ಗೋಡೆಯಲ್ಲಿ ತೂತು. ನಟ್ಟನಡುವೆ ನಾಲ್ಕು ಕಲ್ಲು ನಿಲ್ಲಿಸಿ ಮಾಡಿದ ಚೌಕದ ಒಲೆ. ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಪೆಟ್ಟಿಗೆಮಂಚ. ಒಳಗೆ ಒಣಹುಲ್ಲೋ ಚರ್ಮವೋ ಹಾಸಿಕೊಂಡಿರಬೇಕು. ಬಲಗಡೆಯದು ದೊಡ್ಡದು, ಎಡಗಡೆಯದು ಸಣ್ಣದು. ಬಾಗಿಲಿಗೆ ಎದುರಾಗಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ, ಎರಡು ಅಂತಸ್ತಿನ ಕಲ್ಲಿನ ಕಪಾಟು. ಗೋಡೆಯ ದಪ್ಪದೊಳಗೆ ಪುಟ್ಟ ಗೂಡುಗಳು. ಕೆಲವದರಿಂದ ಚರಂಡಿ ಹೊರಡುತ್ತದೆ, ಹಾಗಾಗಿ ಅವನ್ನು ಶೌಚದ ಮೂಲೆಗಳೆಂದು ಊಹಿಸಿದವರಿದ್ದಾರೆ. ನೆಲದಲ್ಲಿ ಹೂತ ಕಲ್ಲುತೊಟ್ಟಿಗಳ ಸಂದಿಗೆ ಜೇಡಿಮಣ್ಣು ಮೆತ್ತಿ ನೀರು ಸೋರದಂತೆ ಮಾಡಿದ್ದಾರೆ. ಮೀನಿನ ಗಾಳಕ್ಕೆ ಸಿಕ್ಕಿಸುವ ಚಿಪ್ಪುಜೀವಿಗಳನ್ನು ಅದರಲ್ಲಿ ನೆನೆಹಾಕುತ್ತಿದ್ದರು ಎನ್ನುವುದು ಒಂದು ವಿವರಣೆ.

ಆ ಕಪಾಟಿನ ಮುಂದೆ ನನ್ನ ಯೋಚನೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಏನಿಡುತ್ತಿದ್ದರು ಅದರಲ್ಲಿ? ದಿನಬಳಕೆಯ ಮಡಕೆಯೋ, ಬಂದವರಿಗೆ ತೋರಿಸಬೇಕಾದ ಒಡವೆಯೋ, ಹಿರೀಕರ ನೆನಪಿನ ವಸ್ತುವೋ? ಒಂದೊಂದು ಉತ್ತರಕ್ಕೂ ಬೇರೆಯೇ ಒಂದು ಸಮಾಜ ಎದ್ದು ನಿಲ್ಲುತ್ತದೆ.

ತಿಪ್ಪೆ

ಈ ಮನೆಗಳು ಬಯಲಿನಲ್ಲಿ ನಿಂತಿಲ್ಲ, ತಿಪ್ಪೆಯೊಳಗೆ ಹುದುಗಿವೆ. ಬೂದಿ, ಮೂಳೆ, ಚಿಪ್ಪು, ಗೊಬ್ಬರ ಎಲ್ಲ ಕೊಳೆತು ಗಟ್ಟಿಯಾದ ರಾಶಿಯನ್ನೇ ಗೋಡೆಗಳ ಸುತ್ತ ಒತ್ತಾಗಿ ತುಂಬಿದ್ದಾರೆ. ಮನೆಯಿಂದ ಮನೆಗೆ ಹೋಗುವ ಓಣಿಗೂ ಕಲ್ಲುಹಾಸಿನ ಮಾಡು, ಅದರ ಮೇಲೂ ತಿಪ್ಪೆ. ಗಾಳಿ ಒಳಗೆ ಬರದು, ಬೆಚ್ಚಗಿನ ಗಾಳಿ ಹೊರಗೆ ಹೋಗದು. ಚಳಿಗಾಲವಿಡೀ ಊರಿನವರು ಮಳೆಗೆ ಮೈಯೊಡ್ಡದೆ ಒಬ್ಬರ ಮನೆಗೊಬ್ಬರು ಹೋಗಿಬರಬಹುದಿತ್ತು.

ಒಂದು ಉತ್ತರವೂ ಇಲ್ಲಿ ಸಿಗುತ್ತದೆ: ಅವರು ಏನು ತಿಂದರು, ಏನು ಮುರಿದರು, ಏನು ಬಿಸಾಡಿದರು ಎಂಬುದನ್ನೆಲ್ಲ ಉಳಿಸಿಕೊಟ್ಟದ್ದು ಇದೇ ತಿಪ್ಪೆ.

ಹೊರಗಿನ ಅಗುಳಿ

ಉಳಿದ ಮನೆಗಳಿಗೆ ಅಗುಳಿ ಒಳಗಿನಿಂದ. ಏಳನೆಯ ಮನೆಗೆ ಮಾತ್ರ ಹೊರಗಿನಿಂದ. ಒಳಗಿದ್ದವರು ಬಾಗಿಲು ಹಾಕಿಕೊಳ್ಳುವಂತಿರಲಿಲ್ಲ. ಹೊರಗಿದ್ದವರು ಅವರನ್ನು ಕೂಡಿಹಾಕಬಹುದಿತ್ತು. ಅದೇ ಮನೆಯ ಗೋಡೆಯ ಅಡಿಯಲ್ಲಿ ಇಬ್ಬರು ಹೆಂಗಸರನ್ನು ಹೂತಿದ್ದಾರೆ. ಮನೆ ಕಟ್ಟುವ ಮೊದಲೇ ಹೂತು, ಆಮೇಲೆ ಗೋಡೆ ಎಬ್ಬಿಸಿದ್ದಾರೆ.

ಬಾಣಂತಿಯರ ಮನೆಯೇ? ಮುಟ್ಟಾದವರ ಮನೆಯೇ? ತಪ್ಪು ಮಾಡಿದವರನ್ನು ಇಡುವ ಜಾಗವೇ? ಹೆಣವನ್ನು ಸಂಸ್ಕಾರದವರೆಗೆ ಇಡುವ ಮನೆಯೇ? ಈ ಪಟ್ಟಿಯಲ್ಲಿರುವುದೆಲ್ಲ ನಾವು ಬೇರೆ ಬೇರೆ ಸಮಾಜಗಳಲ್ಲಿ ಕಂಡದ್ದು. ಅಲ್ಲಿನ ಒಲೆ, ಮಂಚ, ಕಪಾಟು ಮಿಕ್ಕ ಮನೆಗಳ ಹಾಗೆಯೇ ಇವೆ. ವ್ಯತ್ಯಾಸವೆಲ್ಲ ಒಂದು ಅಗುಳಿಯ ತೂತಿನಲ್ಲಿದೆ. ಒಂದು ತೂತಿನ ಮೇಲೆ ಎಷ್ಟು ಭಾರ ಹೊರಿಸಬಹುದು?

ಯಾರ ಮಂಚ, ಯಾರ ಸರ

1927ರಿಂದ 1930ರವರೆಗೆ ಇಲ್ಲಿ ಕೆಲಸ ಮಾಡಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿ. ಗಾರ್ಡನ್ ಚೈಲ್ಡ್. ಇಪ್ಪತ್ತನೆಯ ಶತಮಾನದ ದೊಡ್ಡ ಪ್ರಾಕ್ತನಶಾಸ್ತ್ರಜ್ಞರಲ್ಲಿ ಒಬ್ಬರು. ದೊಡ್ಡ ಮಂಚ ಗಂಡಸಿನದು, ಸಣ್ಣದು ಹೆಂಗಸಿನದು ಎಂದು ಅವರು ಓದಿಕೊಂಡರು. ಸಣ್ಣ ಮಂಚಗಳಲ್ಲಿ ಮಣಿಗಳೂ ಬಣ್ಣದ ಕುಡಿಕೆಗಳೂ ಸಿಕ್ಕಿದ್ದವು. ಹೆಬ್ರಿಡೀಸ್ ದ್ವೀಪಗಳ ಹಳ್ಳಿಮನೆಗಳ ಮಲಗುವ ರೂಢಿಯೂ ಅವರ ಮನಸ್ಸಿನಲ್ಲಿತ್ತು. ಐದು ಸಾವಿರ ವರ್ಷದ ಆಚೆಯ ಸಂಸಾರವನ್ನು ನೂರಿನ್ನೂರು ವರ್ಷದ ಈಚೆಯ ಸಂಸಾರದಿಂದ ಅಳೆಯುವುದು ನ್ಯಾಯವೇ? ಆ ಮನೆಯಲ್ಲಿದ್ದದ್ದು ಗಂಡ, ಹೆಂಡತಿ, ಮಕ್ಕಳು ಎಂಬುದನ್ನೇ ಮೊದಲು ಸಾಧಿಸಬೇಕಲ್ಲ.

ಊರು ಹಾಳಾದದ್ದರ ಬಗ್ಗೆಯೂ ಅವರದೊಂದು ಮನಕಲಕುವ ಚಿತ್ರಣವಿದೆ. ಬಾಗಿಲ ಬಳಿ, ಓಣಿಯುದ್ದಕ್ಕೂ ಮಣಿಗಳು ಚೆಲ್ಲಿದ್ದವು. ದೊಡ್ಡ ಬಿರುಗಾಳಿ ಎದ್ದು ಮರಳು ನುಗ್ಗಿದಾಗ ಒಬ್ಬ ಹೆಣ್ಣುಮಗಳು ಗಾಬರಿಯಿಂದ ಓಡಿದಳು, ಗಿಡ್ಡ ಬಾಗಿಲಲ್ಲಿ ನುಸುಳುವಾಗ ಸರ ಹರಿಯಿತು, ಹೆಕ್ಕಲು ಪುರಸತ್ತಿಲ್ಲದೆ ಹೋದಳು ಎಂಬ ಕಥೆ. ಇದನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಆದರೆ 1972–73ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತೆ ಅಗೆದ ನಂತರದ ಅಧ್ಯಯನಗಳಲ್ಲಿ ಆ ಹಠಾತ್ ದುರಂತಕ್ಕೆ ಆಧಾರ ಉಳಿಯಲಿಲ್ಲ. ಒಂದೊಂದೇ ಮನೆ ಬರಿದಾಗುತ್ತ, ಒಕ್ಕಲುಗಳು ಬೇರೆಡೆಗೆ ಹೋಗುತ್ತ ಊರು ನಿಧಾನವಾಗಿ ಖಾಲಿಯಾಯಿತು ಎನ್ನುವುದು ಈಗಿನ ಅಭಿಪ್ರಾಯ.

ಕಥೆ ಹೋಯಿತು, ಮಣಿಗಳು ಉಳಿದವು. ಅವು ಓಣಿಯಲ್ಲಿ ಏಕೆ ಚೆಲ್ಲಿದ್ದವು ಎಂಬ ಪ್ರಶ್ನೆ ಮೊದಲಿನಂತೆಯೇ ಇದೆ.

ಕಾಲವೇ ಬದಲಾಯಿತು

ಚೈಲ್ಡ್ 1931ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯಲ್ಲಿ ಸ್ಕಾರಾ ಬ್ರೇಯನ್ನು ಪಿಕ್ಟ್ ಜನರ ಹಳ್ಳಿ ಎಂದು ಕರೆದಿದ್ದಾರೆ. ಅಂದರೆ ನವಶಿಲಾಯುಗಕ್ಕಿಂತ ಬಹಳ ಈಚಿನದು ಎಂದು. ನಿಜವಾದ ವಯಸ್ಸು ಅದಕ್ಕಿಂತ ಬಹಳ ಹೆಚ್ಚು. ಇದನ್ನು ಸರಿಪಡಿಸಿದ್ದು ಮಡಕೆಯ ಚೂರುಗಳು. ಇಲ್ಲಿನ ಗೀರುಗೆರೆಗಳ ಮಡಕೆಗಳೂ ದಕ್ಷಿಣ ಇಂಗ್ಲೆಂಡಿನಲ್ಲಿ ಸಿಕ್ಕ ನವಶಿಲಾಯುಗದ ಮಡಕೆಗಳೂ ಒಂದೇ ಬಗೆಯವೆಂದು 1930ರ ದಶಕದಲ್ಲಿ ಸ್ಟುವರ್ಟ್ ಪಿಗಟ್ ಗುರುತಿಸಿದರು. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದು, ನಮ್ಮ ದೇಶದ ಇತಿಹಾಸಪೂರ್ವ ಕಾಲದ ಮೇಲೆ 1950ರಲ್ಲಿ ಪುಸ್ತಕ ಬರೆದ ಪಿಗಟ್ ಇವರೇ. ಚೈಲ್ಡ್ ಕೂಡ ಆ ತೀರ್ಮಾನ ಒಪ್ಪಿದರು. ಖಚಿತ ವರ್ಷಗಳು ದೊರೆತದ್ದು 1970ರ ದಶಕದಲ್ಲಿ, ರೇಡಿಯೊ ಕಾರ್ಬನ್ ಪರೀಕ್ಷೆ ಬಂದ ಮೇಲೆ.

ಅದೇ ಗೋಡೆ, ಅದೇ ಒಲೆ, ಅದೇ ಚೂರು. ಕೇಳುವ ಸಾಧನ ಬದಲಾದಾಗ ಹೇಳುವ ಮಾತೂ ಬದಲಾಯಿತು. ಇದನ್ನು ಅಡಿಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಒಲೆ ಎಲ್ಲೆಲ್ಲಿದೆ

ಸ್ಕಾರಾ ಬ್ರೇಯಿಂದ ಕೆಲವು ಮೈಲಿ ದೂರದಲ್ಲಿ ಸ್ಟೆನ್ನೆಸ್‌ನ ನಿಲುವುಗಲ್ಲುಗಳ ವೃತ್ತವಿದೆ, ಸುಮಾರು ಕ್ರಿ.ಪೂ. 3100ರದು. ಈಗ ನಿಂತಿರುವುದು ನಾಲ್ಕು. ಆ ವೃತ್ತದ ನಟ್ಟನಡುವೆ ಕಲ್ಲುಗಳಿಂದ ಮಾಡಿದ ದೊಡ್ಡ ಚೌಕದ ಒಲೆಯಿದೆ: ಮನೆಯೊಳಗಿನ ಅದೇ ಒಲೆ, ಬಯಲಿನಲ್ಲಿ, ದೊಡ್ಡ ಅಳತೆಯಲ್ಲಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಮೇಸ್‌ಹೌ ಎಂಬ ಕಲ್ಲಿನ ಸಮಾಧಿ. ಉದ್ದನೆಯ ತಗ್ಗು ದಾರಿಯಲ್ಲಿ ಬಗ್ಗಿಕೊಂಡೇ ಹೋದರೆ ಎತ್ತರದ ಚೌಕದ ಕೋಣೆ, ಮೂರು ಪಕ್ಕಕ್ಕೂ ಗೋಡೆಯಲ್ಲಿ ಗೂಡು. ಚಳಿಗಾಲದ ಅತಿ ಚಿಕ್ಕ ಹಗಲಿನ ಆಸುಪಾಸಿನಲ್ಲಿ ಮುಳುಗುವ ಸೂರ್ಯನ ಬೆಳಕು ಆ ದಾರಿಯುದ್ದಕ್ಕೂ ಹಾದು ಒಳಗಿನ ಹಿಂಗೋಡೆಗೆ ತಾಗುತ್ತದೆ. ನಡುಕೋಣೆ, ಸುತ್ತ ಗೂಡು, ತಗ್ಗು ಬಾಗಿಲು: ಬದುಕಿದವರ ಮನೆಯ ನಕ್ಷೆಯೇ ಸತ್ತವರ ಮನೆಗೂ. ಒಲೆ ಮಾತ್ರ ಇಲ್ಲ.

ಇವರಿಗೆ ಮನೆ, ಬಯಲಿನ ಪವಿತ್ರ ಜಾಗ, ಸಮಾಧಿ ಇವು ಮೂರು ಬೇರೆ ಬೇರೆ ವಿಷಯಗಳಾಗಿದ್ದವೇ ಎಂದೇ ನನಗೆ ಅನುಮಾನ. ವಿಂಗಡಣೆ ನಮ್ಮದು ಇರಬಹುದು.

ಇಲಿಯ ಪ್ರಯಾಣ

ಆರ್ಕ್ನಿಯಲ್ಲಿ ಒಂದು ಜಾತಿಯ ಹುಲ್ಲುಗಾವಲಿನ ಇಲಿಯಿದೆ. ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಈ ಜಾತಿಯೇ ಇಲ್ಲ. ವಂಶವಾಹಿ ನೋಡಿದರೆ ಇದರ ಹತ್ತಿರದ ನೆಂಟರಿರುವುದು ಬೆಲ್ಜಿಯಂ ಕಡೆಯ ಯುರೋಪಿನಲ್ಲಿ. ದ್ವೀಪದಲ್ಲಿ ಸಿಕ್ಕ ಹಳೆಯ ಇಲಿಮೂಳೆಗಳಿಗೆ ಸುಮಾರು 5000 ವರ್ಷ. ಅಂದರೆ ನವಶಿಲಾಯುಗದ ದೋಣಿಯಲ್ಲಿಯೇ, ದನದ ಮೇವಿನಲ್ಲೋ ಬೇರೆ ಸರಕಿನಲ್ಲೋ ಸೇರಿಕೊಂಡು ಬಂದಿರಬೇಕು. ಸ್ಕಾರಾ ಬ್ರೇಯಲ್ಲಿ ಸುಟ್ಟ ಇಲಿಮೂಳೆಗಳೂ ಸಿಕ್ಕಿವೆ. ಸುಟ್ಟು ತಿನ್ನುತ್ತಿದ್ದರೆಂದು 2016ರ ಒಂದು ಅಧ್ಯಯನ ಹೇಳಿತು.

ದನಕರು ಹೇರಿಕೊಂಡು ಅಷ್ಟು ದೂರದ ಕಡಲನ್ನು ದಾಟಿದ ಆ ದೋಣಿ ಎಂಥದು? ಚರ್ಮದ್ದೋ, ಮರದ್ದೋ? ಅದರ ಒಂದು ಚೂರೂ ಉಳಿದಿಲ್ಲ. ದೋಣಿಯ ಪರವಾಗಿ ಸಾಕ್ಷಿ ಹೇಳಲು ಇಲಿ ಉಳಿದಿದೆ.

ಎಲ್ಲವೂ ಆರ್ಕ್ನಿಯದಲ್ಲ

2024ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಬಂತು: ಇಂಗ್ಲೆಂಡಿನ ಸ್ಟೋನ್‌ಹೆಂಜ್ ನಡುವೆ ಮಲಗಿರುವ ಆರು ಟನ್ನಿನ ಬಲಿಪೀಠದ ಕಲ್ಲು ಹಿಂದೆ ಅಂದುಕೊಂಡಿದ್ದಂತೆ ವೇಲ್ಸಿನದಲ್ಲ, ಈಶಾನ್ಯ ಸ್ಕಾಟ್ಲೆಂಡಿನ ಶಿಲಾವಲಯದ್ದು. ಸುಮಾರು 750 ಕಿಲೊಮೀಟರ್ ದೂರದಿಂದ ಬಂದದ್ದು. ಆರ್ಕ್ನಿಯೂ ಆ ವಲಯಕ್ಕೇ ಸೇರಿರುವುದರಿಂದ ಎಲ್ಲರ ಕಣ್ಣು ಈ ದ್ವೀಪಗಳ ಮೇಲೆ ಬಿತ್ತು. ಕಥೆ ಕೂಡಿಬರುವಂತಿತ್ತು, ಗೀರುಗೆರೆಯ ಮಡಕೆಯೂ ಉತ್ತರದಿಂದಲೇ ದಕ್ಷಿಣಕ್ಕೆ ಹರಡಿತ್ತಲ್ಲ. ಆದರೆ ಅದೇ ವರ್ಷ ಬಂದ ಮತ್ತೊಂದು ಅಧ್ಯಯನ ಆರ್ಕ್ನಿಯ ದೊಡ್ಡ ದ್ವೀಪದ ಕಲ್ಲುಗಳನ್ನು ಹೋಲಿಸಿ ನೋಡಿ, ಅಲ್ಲಿಂದ ಹೋದದ್ದಲ್ಲ ಎಂದು ತೀರ್ಮಾನಿಸಿತು. ಚಂದದ ಕಥೆಯೊಂದನ್ನು ಕೆಲವೇ ವಾರಗಳಲ್ಲಿ ಕೈಬಿಡಲು ಸಿದ್ಧರಾದ ವಿದ್ವಾಂಸರ ಮೇಲೆ ನನಗೆ ಗೌರವ ಹೆಚ್ಚಿತು.

ನೆಸ್ ಮತ್ತು ದನದ ಮೂಳೆಗಳು

ಸ್ಕಾರಾ ಬ್ರೇಯ ಮನೆಗಳು ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ನಕ್ಷೆ. ಆಯುಧಗಳು ಕಾಣುವುದಿಲ್ಲ, ಕೋಟೆಯಿಲ್ಲ. ಹಾಗಾಗಿ ಮೇಲುಕೀಳಿಲ್ಲದ, ಜಗಳವಿಲ್ಲದ ಊರು ಎಂದು ಬಹಳ ಮಂದಿ ಬರೆದರು. ಆದರೆ ಆರ್ಕ್ನಿಯ ಬೇರೆ ಸಮಾಧಿಗಳ ತಲೆಬುರುಡೆಗಳಲ್ಲಿ ಪೆಟ್ಟಿನ ಗುರುತುಗಳಿವೆ. ಆಮೇಲೆ ನೆಸ್ ಆಫ್ ಬ್ರಾಡ್ಗರ್ ಬೆಳಕಿಗೆ ಬಂತು.

ಎರಡು ಸರೋವರಗಳ ನಡುವಿನ ಕಿರಿದಾದ ನೆಲದಲ್ಲಿ 2003ರಲ್ಲಿ ಉಳುವಾಗ ಕಚ್ಚು ಕೆತ್ತಿದ ಚಪ್ಪಡಿಯೊಂದು ಮೇಲೆದ್ದಿತು. ನಿಕ್ ಕಾರ್ಡ್ ನೇತೃತ್ವದಲ್ಲಿ ಬೇಸಿಗೆ ಬೇಸಿಗೆ ಅಗೆಯುತ್ತ ಹೋದಂತೆ ಒಂದರ ಮೇಲೊಂದು ದೊಡ್ಡ ಕಟ್ಟಡಗಳು, ಅವನ್ನು ಸುತ್ತುವರಿದ ದಪ್ಪ ಗೋಡೆ, ಕಲ್ಲುಹಲಗೆಯ ಸೂರಿನ ತುಂಡುಗಳು, ಕೆತ್ತನೆಯ ನೂರಾರು ಕಲ್ಲುಗಳು ಹೊರಬಂದವು. 2010ರಲ್ಲಿ ಬಣ್ಣ ಬಳಿದ ಕಲ್ಲುಗಳೂ ಕಂಡವು. ಹತ್ತನೆಯ ಕಟ್ಟಡ ಸುಮಾರು 25 ಮೀಟರ್ ಉದ್ದ, 20 ಮೀಟರ್ ಅಗಲ. ಯಾರು ಕಟ್ಟಿಸಿದರು? ಯಾರ ಮಾತಿಗೆ ಅಷ್ಟು ಜನ ಕಲ್ಲು ಹೊತ್ತರು?

ಆ ಕಟ್ಟಡದ ಬಾಳು ಮುಗಿದಾಗ ಅದರ ಸುತ್ತ ಸುಮಾರು 400 ದನಗಳ ಮೂಳೆಗಳು ಬಿದ್ದಿವೆ. ಹೆಚ್ಚಿನವು ಮೊಣಕಾಲ ಕೆಳಗಿನ ಮೂಳೆಗಳು, ಮಜ್ಜೆಗಾಗಿ ಒಡೆದವು. ಅವುಗಳ ಮೇಲೆ ಜಿಂಕೆಗಳ ದೇಹಗಳನ್ನು ಇಡಿಯಾಗಿ ಇಟ್ಟಿದ್ದಾರೆ. ಒಂದೇ ಹಬ್ಬದಲ್ಲಿ ಕಡಿದವೋ, ಹಲವು ಹಬ್ಬಗಳಲ್ಲಿ ಕೂಡಿದವೋ? ಉತ್ತರದ ವೆಸ್ಟ್ರೇ ದ್ವೀಪದ ಲಿಂಕ್ಸ್ ಆಫ್ ನೋಲ್ಟ್‌ಲ್ಯಾಂಡ್‌ನಲ್ಲಿ ಒಂದು ಕಟ್ಟಡದ ಗೋಡೆಯ ಬುಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ದನಗಳ ತಲೆಬುರುಡೆಗಳನ್ನು ಕೊಂಬು ಸಮೇತ ಸಾಲಾಗಿ ಇಟ್ಟು ಮುಚ್ಚಿದ್ದಾರೆ. ಬದುಕು ಆರಂಭಿಸುವಾಗಲೂ ದನ, ಮುಗಿಸುವಾಗಲೂ ದನ. ಅದಕ್ಕೆ ಅವರು ಕೊಟ್ಟ ಅರ್ಥ ಮಾತ್ರ ನಮ್ಮ ಕೈಗೆ ಬಂದಿಲ್ಲ.

ಅಗೆದವರ ಲೆಕ್ಕ

1850ರ ಚಳಿಗಾಲದ ಬಿರುಗಾಳಿ ಸ್ಕೇಲ್ ಕೊಲ್ಲಿಯ ಮರಳುದಿಣ್ಣೆಯನ್ನು ಕಿತ್ತು ಸ್ಕಾರಾ ಬ್ರೇಯನ್ನು ತೋರಿಸಿತು. ಅಲ್ಲಿನ ಜಮೀನುದಾರ ವಿಲಿಯಂ ವಾಟ್ 1868ರ ಹೊತ್ತಿಗೆ ನಾಲ್ಕು ಮನೆ ಬಿಡಿಸಿದರು. ಅವರು ತೆಗೆದ ವಸ್ತುಗಳಲ್ಲಿ ತಿಮಿಂಗಿಲದ ಮೂಳೆಯಲ್ಲಿ ಕೆತ್ತಿದ ಪುಟ್ಟ ಮಾನವಾಕೃತಿಯೊಂದಿತ್ತು: ಎರಡು ಕಣ್ಣು, ಬಾಯಿ, ಹೊಕ್ಕುಳು, ಹತ್ತು ಸೆಂಟಿಮೀಟರಿಗೂ ಕಡಿಮೆ ಎತ್ತರ. ಆಮೇಲೆ ಅದು ಕಣ್ಮರೆಯಾಗಿ, 2016ರಲ್ಲಿ ಸ್ಟ್ರಾಮ್‌ನೆಸ್ ಮ್ಯೂಸಿಯಂನ ಒಂದು ಪೆಟ್ಟಿಗೆಯಲ್ಲಿ ಮತ್ತೆ ಸಿಕ್ಕಿತು. 1913ರಲ್ಲಿ ಒಂದು ವಾರದ ಕೊನೆಯಲ್ಲಿ ಸಲಿಕೆ ಹಿಡಿದು ಬಂದವರು ಏನು ತೆಗೆದರು, ಏನು ಒಯ್ದರು ಎಂಬುದಕ್ಕೆ ದಾಖಲೆಯಿಲ್ಲ. ಚೈಲ್ಡ್ ಅವರನ್ನು ಕರೆಸಿದ್ದೇ ಸರ್ಕಾರ ಆಗಲೇ ಹಿಡಿದಿದ್ದ ತೆರವು ಮತ್ತು ರಕ್ಷಣೆಯ ಕೆಲಸದ ಮೇಲ್ವಿಚಾರಣೆಗೆ. ಅವರ ಕಾಲಕ್ಕೆ ಪರಾಗಕ್ಕೂ ಸುಟ್ಟ ಕಾಳಿಗೂ ಮಣ್ಣನ್ನು ಪರೀಕ್ಷಿಸುವ ರೂಢಿಯಿರಲಿಲ್ಲ.

ಒಮ್ಮೆ ಅಗೆದ ಮಣ್ಣನ್ನು ಎರಡನೇ ಸಲ ಮೊದಲಿನಂತೆ ಅಗೆಯಲಾಗುವುದಿಲ್ಲ. ಮಣಿ ಎಲ್ಲಿತ್ತು, ಯಾವ ಪದರದಲ್ಲಿತ್ತು, ಪಕ್ಕದಲ್ಲೇನಿತ್ತು ಎನ್ನುವುದೇ ಅದರ ಅರ್ಧ ಅರ್ಥ. ಅದನ್ನು ಬರೆದಿಡದೆ ಎತ್ತಿದರೆ ಉಳಿಯುವುದು ಬರೀ ಮಣಿ.

ಸಮುದ್ರ, ಮತ್ತು ಮುಚ್ಚಿದ ಮಣ್ಣು

ಜನ ಬಾಳುತ್ತಿದ್ದಾಗ ಸ್ಕಾರಾ ಬ್ರೇಯಿಂದ ಕಡಲು ದೂರವಿತ್ತು. ಈಗ ಅಲೆಗಳು ಮನೆಗಳ ಬುಡಕ್ಕೇ ಬಂದಿವೆ. 1920ರ ದಶಕದಲ್ಲಿ ಕಟ್ಟಿದ ತಡೆಗೋಡೆ ಊರನ್ನು ಕಾಯುತ್ತಿದೆ, ಆದರೆ ಅದರ ಎರಡೂ ತುದಿಗಳಾಚೆ ದಂಡೆ ಕರಗುತ್ತಿದೆ. ಸ್ಕಾರಾ ಬ್ರೇ, ಮೇಸ್‌ಹೌ, ಸ್ಟೆನ್ನೆಸ್, ಬ್ರಾಡ್ಗರ್‌ನ ಕಲ್ಲುವೃತ್ತ ಇವೆಲ್ಲ 1999ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಹವಾಮಾನ ಬದಲಾವಣೆಯಿಂದ ಈ ತಾಣಕ್ಕೆ ತೀವ್ರ ಅಪಾಯವಿದೆಯೆಂದು 2019ರ ಮೌಲ್ಯಮಾಪನ ಎಚ್ಚರಿಸಿತು. ಕಡಲು ಕೊಚ್ಚುತ್ತಿರುವ ಕಡೆ ಅಗೆದು ದಾಖಲಿಸದೆ ಬೇರೆ ದಾರಿಯಿಲ್ಲ.

ನೆಸ್‌ನ ಸ್ಥಿತಿ ಬೇರೆ. ಅಲ್ಲಿ ಶತ್ರು ಗಾಳಿ, ಮಳೆ. ಹಾಳೆಯಾಗಿ ಬಿಡಿಸಿಕೊಳ್ಳುವ ಗುಣವೇ ಮನೆ ಕಟ್ಟಲು ವರವಾಗಿತ್ತು. ತೆರೆದಿಟ್ಟರೆ ಅದೇ ಗುಣದಿಂದ ಆ ಕಲ್ಲು ಸೀಳಿ ಪುಡಿಯಾಗುತ್ತದೆ. ಹಾಗಾಗಿ 2024ರ ಆಗಸ್ಟ್‌ನಲ್ಲಿ ಇಷ್ಟು ವರ್ಷಗಳ ಬೇಸಿಗೆ ಅಗೆತವನ್ನು ಮುಗಿಸಿ, ಆ ಕಟ್ಟಡಗಳನ್ನು ಮತ್ತೆ ಮಣ್ಣಿನಲ್ಲಿ ಮುಚ್ಚಿದರು. ನೋಡಲು ಬರುತ್ತಿದ್ದ ಸಾವಿರಾರು ಜನರಿಗೆ ಇದರಿಂದ ಬೇಸರವಾಗಿರಬೇಕು.

ಆದರೂ ಮುಚ್ಚಿದ್ದೇ ಸರಿ. ಪಿಕ್ಟ್ ಹಳ್ಳಿ ನವಶಿಲಾಯುಗದ ಹಳ್ಳಿಯಾದದ್ದು, ಬಿರುಗಾಳಿಯ ಕಥೆ ಬಿದ್ದುಹೋದದ್ದು, ಇಲಿಯ ಮೂಳೆ ಕಡಲಯಾನದ ಸಾಕ್ಷಿಯಾದದ್ದು, ಇವೆಲ್ಲ ಸಾಧ್ಯವಾದದ್ದು ಹಿಂದಿನವರು ಮುಟ್ಟದೆ ಬಿಟ್ಟದ್ದು ಅಷ್ಟಿಷ್ಟು ಉಳಿದಿದ್ದರಿಂದ. ನಮಗಿಂತ ಒಳ್ಳೆಯ ಪ್ರಶ್ನೆ, ಒಳ್ಳೆಯ ಸಾಧನ ಇಟ್ಟುಕೊಂಡು ಮುಂದೆ ಬರುವವರಿಗೆ ಮುಟ್ಟದ ಮಣ್ಣು ಬೇಕು. ಕಡಲು ಕಸಿಯದ ಜಾಗದಲ್ಲಿ ಅದನ್ನು ಅವರಿಗಾಗಿ ಬಿಟ್ಟುಕೊಡುವುದು ನಮ್ಮ ಕಾಲದ ಕರ್ತವ್ಯ.